ಚೆನ್ನೈ ಕೋಟೆ ಮ್ಯೂಸಿಯಂ ನೋಡುವುದು ಹೇಗೆ: ಶ್ರೀರಂಗಪಟ್ಟಣದ ಟೀಚರ್ ಒಬ್ಬರ ಸಲಹೆ

ಮೊದಲಿಗೇ ಹೇಳಿಬಿಡುತ್ತೇನೆ, ಶುಕ್ರವಾರ ಹೋಗಬೇಡಿ. ಅವತ್ತು ರಜೆ. ಉಳಿದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಮ್ಯೂಸಿಯಂ ತೆರೆದಿರುತ್ತದೆ. ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಇಲಾಖೆ.

ನಮ್ಮ ಕಡೆಯವರು ಚೆನ್ನೈಗೆ ಹೋಗುವುದು ಮದುವೆಗೆ, ಆಸ್ಪತ್ರೆಗೆ, ವೀಸಾಕ್ಕೆ, ಇಲ್ಲಾ ಟಿ. ನಗರದ ಸೀರೆಗೆ. ಕೆಲಸ ಮುಗಿದ ಮೇಲೆ ಅರ್ಧ ದಿನ ಉಳಿದರೆ ಮರೀನಾ ಬೀಚು. ಬೀಚು ಎಲ್ಲಿಗೂ ಹೋಗುವುದಿಲ್ಲ, ಸಂಜೆ ನೋಡಿದರಾಯಿತು. ಆ ಅರ್ಧ ದಿನವನ್ನು ಕೋಟೆಗೆ ಕೊಡಿ.

ನಾನು ಶ್ರೀರಂಗಪಟ್ಟಣದವಳು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೈಸೂರು ಯುದ್ಧಗಳ ಇಸವಿಗಳನ್ನು ಮಕ್ಕಳು ಉರು ಹೊಡೆದು ಬರೆಯುತ್ತಾರೆ: 1767, 1780, 1790, 1799. ಇಸವಿ ತಪ್ಪುವುದಿಲ್ಲ. ಆದರೆ ಯುದ್ಧ ಅಂದರೆ ಎರಡು ಊರುಗಳ ನಡುವಿನ ವ್ಯವಹಾರ ಅಲ್ವಾ? ಒಂದು ತುದಿಯಲ್ಲಿ ನಮ್ಮ ಕಾವೇರಿ ನಡುವಿನ ದ್ವೀಪ. ಇನ್ನೊಂದು ತುದಿಯಲ್ಲಿ ಸಮುದ್ರದ ದಡದ ಈ ಕೋಟೆ. ಇಲ್ಲಿಂದ ಪತ್ರ ಹೋಯಿತು, ಇಲ್ಲಿಂದ ಸೈನ್ಯ ಹೊರಟಿತು, ಕೊನೆಗೆ ನಮ್ಮ ಊರಿನ ಇಬ್ಬರು ಹುಡುಗರು ಒತ್ತೆಯಾಳಾಗಿ ಬಂದದ್ದೂ ಈ ಊರಿಗೇ. ಹಾಗಾಗಿ ಕನ್ನಡದವರು ಈ ಮ್ಯೂಸಿಯಂ ನೋಡುವ ಕ್ರಮವೇ ಬೇರೆ ಇರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಹೊರಡುವ ಮುಂಚೆ

ಸಾಧ್ಯವಾದರೆ ಒಮ್ಮೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಬನ್ನಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಒಂದು ಇಡೀ ಸೇನೆಯನ್ನು ಮುಗಿಸಿದ ಯುದ್ಧ. ಚಿತ್ರದ ನಡುವೆ ಚೌಕಾಕಾರವಾಗಿ ಒತ್ತೊತ್ತಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು. ಅವರ ಮದ್ದಿನ ಬಂಡಿ ಸಿಡಿಯುತ್ತಿದೆ. ಅವರ ಸೇನಾಪತಿ ಕರ್ನಲ್ ಬೇಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಆತ ಸೆರೆಸಿಕ್ಕಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ.

ಅದು ಗೆದ್ದವರು ಬರೆಸಿದ ಚಿತ್ರ. ಚೆನ್ನೈ ಕೋಟೆಯಲ್ಲಿ ಒಂದು ಪ್ರತಿಮೆಯ ಪೀಠದ ಮೇಲೆ ನೀವು ನೋಡಲಿರುವುದೂ ಗೆದ್ದವರು ಕೆತ್ತಿಸಿದ ಚಿತ್ರವೇ. ಗೆದ್ದವರು ಮಾತ್ರ ಬೇರೆ. ಇವೆರಡನ್ನೂ ತಲೆಯಲ್ಲಿ ಇಟ್ಟುಕೊಂಡರೆ ಮ್ಯೂಸಿಯಂ ಅರ್ಧ ಅರ್ಥವಾದಂತೆ. ಶ್ರೀರಂಗಪಟ್ಟಣಕ್ಕೆ ಬರಲು ಆಗದಿದ್ದರೆ ಆ ಗೋಡೆಚಿತ್ರದ ಒಂದು ಒಳ್ಳೆ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ನಾನು ಮಕ್ಕಳನ್ನು ಕರೆದುಕೊಂಡು ಹೋಗುವಾಗ ಅದರ ಬಣ್ಣದ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳುತ್ತೇನೆ. ಪ್ರತಿಮೆಯ ಎದುರು ನಿಂತು ಎರಡನ್ನೂ ಪಕ್ಕಪಕ್ಕ ನೋಡಬಹುದು.

ಕಾಲ ನೋಡಿಕೊಂಡು ಹೋಗಿ. ಏಪ್ರಿಲ್, ಮೇ ಬೇಡವೇ ಬೇಡ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಹಿಂಗಾರು ಮಳೆ ಜೋರು. ಜನವರಿ, ಫೆಬ್ರವರಿ ಒಳ್ಳೆಯದು. ಕಟ್ಟಡದ ಒಳಗೆ ನೆರಳಿದೆ, ಆದರೆ ಕೋಟೆಯೊಳಗೆ ಅಲ್ಲಿಂದಿಲ್ಲಿಗೆ ನಡೆಯುವುದು ಬಯಲಿನಲ್ಲಿ. ನೀರು, ಟೋಪಿ ಇರಲಿ.

ತಲುಪುವುದು

ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಹೊರಟು ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಮುಟ್ಟಿಸುತ್ತದೆ. ಮಂಡ್ಯ ಕಡೆಯವರಿಗೂ ಅದೇ ಅನುಕೂಲ. ಬೆಂಗಳೂರಿನಿಂದ ಶತಾಬ್ದಿ, ಲಾಲ್‌ಬಾಗ್, ವಂದೇ ಭಾರತ್ ಎಲ್ಲಾ ಇವೆ. ಬೆಳಿಗ್ಗೆಯೇ ಇಳಿಯುವ ಗಾಡಿ ಹಿಡಿದರೆ ಆರಾಮ.

ಸೆಂಟ್ರಲ್‌ನಿಂದ ಕೋಟೆ ಸುಮಾರು ಎರಡು ಕಿಲೋಮೀಟರ್. ಸ್ಟೇಷನ್ ಎದುರಿಗೇ ಪಾರ್ಕ್ ಎಂಬ ಲೋಕಲ್ ನಿಲ್ದಾಣವಿದೆ. ಅಲ್ಲಿ ಬೀಚ್ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ಫೋರ್ಟ್. ಮೆಟ್ರೋದಲ್ಲಾದರೆ ಹೈಕೋರ್ಟ್ ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಆಟೋದವರಿಗೆ "ಕೋಟ್ಟೈ, ಸೆಕ್ರೆಟೇರಿಯಟ್" ಅಂದರೆ ಸಾಕು. ಸುಮ್ನೆ ಮ್ಯೂಸಿಯಂ ಅಂದುಬಿಟ್ಟರೆ ಎಗ್ಮೋರಿನ ಸರ್ಕಾರಿ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಾರೆ. ಅದೂ ದೊಡ್ಡ ಮ್ಯೂಸಿಯಂ, ಅಲ್ಲಿನ ಕಂಚಿನ ವಿಗ್ರಹಗಳು ಹೆಸರುವಾಸಿ. ಆದರೆ ಅದಕ್ಕೆ ಬೇರೆಯೇ ದಿನ ಬೇಕು.

ಸೆಕ್ರೆಟೇರಿಯಟ್ ಅಂದೆನಲ್ಲ, ಅದು ಗಮನಿಸಬೇಕಾದ ವಿಷಯ. ತಮಿಳುನಾಡು ಸರ್ಕಾರದ ಸಚಿವಾಲಯ ಮತ್ತು ವಿಧಾನಸಭೆ ಇರುವುದು ಈ ಕೋಟೆಯೊಳಗೇ. ಸೇನೆಯ ಕಚೇರಿಗಳೂ ಇವೆ. ಅಂದರೆ ಇದು ಪಾಳುಬಿದ್ದ ಕೋಟೆಯಲ್ಲ. ದಿನಾ ಸಾವಿರಾರು ಜನ ಕೆಲಸಕ್ಕೆ ಬಂದು ಹೋಗುವ ಕೋಟೆ. ಹಾಗಾಗಿ ಬಾಗಿಲಲ್ಲಿ ಪೊಲೀಸರ ತಪಾಸಣೆ ಇದ್ದೇ ಇರುತ್ತದೆ. ಆಧಾರ್ ಅಥವಾ ಬೇರೆ ಯಾವುದಾದರೂ ಗುರುತಿನ ಚೀಟಿ ಜೊತೆಗಿರಲಿ. ದೊಡ್ಡ ಲಗೇಜು ತರಬೇಡಿ, ಸೆಂಟ್ರಲ್‌ನ ಕ್ಲೋಕ್ ರೂಮಿನಲ್ಲಿ ಇಟ್ಟು ಬನ್ನಿ. ಎಲ್ಲಿಗೆ ಅಂತ ಕೇಳಿದರೆ ಮ್ಯೂಸಿಯಂ ಅನ್ನಿ, ದಾರಿ ತೋರಿಸುತ್ತಾರೆ. ವಿಧಾನಸಭೆಯ ಅಧಿವೇಶನ ನಡೆಯುವಾಗ ತಪಾಸಣೆ ಜಾಸ್ತಿ, ವಾಹನಗಳ ಗಲಾಟೆಯೂ ಜಾಸ್ತಿ. ಭಾನುವಾರ ಕಚೇರಿಗಳು ಮುಚ್ಚಿರುವುದರಿಂದ ಕೋಟೆ ಶಾಂತವಾಗಿರುತ್ತದೆ. ಚಿಕ್ಕ ಮಕ್ಕಳಿದ್ದರೆ ನನ್ನ ಆಯ್ಕೆ ಭಾನುವಾರವೇ.

ಒಳಗೆ ಬರುವಾಗ ಆತುರಪಡಬೇಡಿ. ಗೋಡೆ, ಕಂದಕ, ಕೊತ್ತಲ ಇನ್ನೂ ಉಳಿದಿವೆ. ಪೂರ್ವಕ್ಕೆ ಈಗ ಅಗಲವಾದ ರಸ್ತೆ, ಅದರಾಚೆ ನೆಲ. ಮೊದಲು ಸಮುದ್ರ ಗೋಡೆಯ ಹತ್ತಿರದವರೆಗೂ ಇತ್ತು. ಬಂದರು ಕಟ್ಟಿದ ಮೇಲೆ ಮರಳು ತುಂಬಿ ನೀರು ದೂರ ಸರಿಯಿತು. ಧ್ವಜಸ್ತಂಭ ಸುಮಾರು 150 ಅಡಿ, ತಲೆ ಎತ್ತಿಯೇ ನೋಡಬೇಕು.

ಇಲ್ಲಿ ಒಂದು ನಿಮಿಷ ನಿಂತು ನಮ್ಮ ಇತಿಹಾಸದ ಒಂದು ಎಳೆ ನೆನಪಿಸಿಕೊಳ್ಳಿ. 1639ರಲ್ಲಿ ಈ ಜಾಗವನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟದ್ದು ದಾಮರ್ಲ ವೆಂಕಟಪ್ಪ ನಾಯಕ. ವಿಜಯನಗರದ ಕೊನೆಯ ಅರವೀಡು ಅರಸರ ಕೈಕೆಳಗಿನ ನಾಯಕ ಆತ. ಹಂಪಿ ಹಾಳಾಗಿ ಎಪ್ಪತ್ತು ವರ್ಷ ಕಳೆದಿತ್ತು. ರಾಜಧಾನಿ ಪೆನುಕೊಂಡೆ, ಚಂದ್ರಗಿರಿ ಅಂತ ಸರಿಯುತ್ತಾ ಬಂದಿತ್ತು. ಆ ಬಲವಿಲ್ಲದ ಕಾಲದಲ್ಲಿ ಕೈಬಿಟ್ಟ ಒಂದು ಮರಳು ದಿಬ್ಬದ ಮೇಲೆ ಕಂಪನಿ ಇಂಡಿಯಾದಲ್ಲಿ ತನ್ನ ಮೊದಲ ದೊಡ್ಡ ಕೋಟೆ ಕಟ್ಟಿತು. ಹಂಪಿ ನೋಡಿದವರಿಗೆ ಈ ಮಾತು ಹೆಚ್ಚು ತಟ್ಟುತ್ತದೆ.

ಮ್ಯೂಸಿಯಂ ಒಳಗೆ

ಕಟ್ಟಡ ಮುಗಿದದ್ದು 1795ರಲ್ಲಿ. ಮೊದಲು ಇದು ವ್ಯಾಪಾರಿಗಳು ಸೇರುವ ಎಕ್ಸ್‌ಚೇಂಜ್ ಆಗಿತ್ತು. ಮದ್ರಾಸ್ ಬ್ಯಾಂಕ್ ಇಲ್ಲಿತ್ತು. ತಾರಸಿಯ ಮೇಲೆ ದೀಪಸ್ತಂಭವೂ ಇತ್ತು, ಹಡಗುಗಳಿಗೆ ದಾರಿ ತೋರಿಸಲು. ಮ್ಯೂಸಿಯಂ ಆಗಿ ಜನರಿಗೆ ತೆರೆದದ್ದು 1948ರ ಜನವರಿ 31ರಂದು. ಸ್ವಾತಂತ್ರ್ಯ ಬಂದು ವರ್ಷ ಕೂಡ ಆಗಿರಲಿಲ್ಲ, ಗಾಂಧೀಜಿ ಹತ್ಯೆಯಾಗಿ ಒಂದೇ ದಿನ ಕಳೆದಿತ್ತು.

ಟಿಕೆಟ್ ಕೌಂಟರ್‌ನಲ್ಲಿ ಮೊಬೈಲ್‌ನಿಂದ ಹಣ ಕಟ್ಟಬಹುದು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಫೋಟೋ ತೆಗೆಯುವ ನಿಯಮ ಏನು ಅಂತ ಅಲ್ಲೇ ಕೇಳಿಕೊಳ್ಳಿ. ಫಲಕಗಳಲ್ಲಿ ಕನ್ನಡ ಸಿಗದು, ಜೊತೆಗೆ ಹಿರಿಯರಿದ್ದರೆ ನೀವೇ ಓದಿ ಹೇಳಬೇಕು. ಮೇಲಿನ ಮಹಡಿಗಳಿಗೆ ಮೆಟ್ಟಿಲು ಹತ್ತಬೇಕು. ಮಂಡಿ ನೋವಿರುವವರು ಕೆಳಗಿನ ಮಹಡಿಯಲ್ಲೇ ಸಮಯ ಕಳೆಯಬಹುದು, ಮುಖ್ಯವಾದ ಪ್ರತಿಮೆ ಇರುವುದೂ ಕೆಳಗೇ.

ಹೆಚ್ಚಿನವರು ಬಾಗಿಲಿನಿಂದ ಶುರುಮಾಡಿ ಗಾಜಿನ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತಾರೆ. ಕತ್ತಿ, ಬಂದೂಕು, ಪದಕ, ಪಿಂಗಾಣಿ, ನಾಣ್ಯ. ಅರ್ಧ ಗಂಟೆಯಲ್ಲಿ ಕಣ್ಣು ದಣಿಯುತ್ತದೆ. ಆಮೇಲೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ. ನೀವು ಹಾಗೆ ಮಾಡಬೇಡಿ. ಮೊದಲು ನೇರವಾಗಿ ಮೆಟ್ಟಿಲ ಬಳಿ ಇರುವ, ಆಗ ಕಂಪನಿಯ ಗವರ್ನರ್ ಜನರಲ್ ಆಗಿದ್ದ ಕಾರ್ನ್‌ವಾಲಿಸ್‌ನ ಪ್ರತಿಮೆಯ ಹತ್ತಿರ ಹೋಗಿ.

ಹದಿನಾಲ್ಕೂವರೆ ಅಡಿಯ ಅಮೃತಶಿಲೆ. ಇಂಗ್ಲೆಂಡಿನ ಶಿಲ್ಪಿ ಥಾಮಸ್ ಬ್ಯಾಂಕ್ಸ್ ಕೆತ್ತಿದ್ದು, 1800ರಲ್ಲಿ ಹಡಗಿನಲ್ಲಿ ಬಂತು. ನಗರದಲ್ಲಿ ಬೇರೆ ಬೇರೆ ಕಡೆ ನಿಂತು ಕೊನೆಗೆ ಈ ಕಟ್ಟಡದೊಳಗೆ ಬಂದು ಸೇರಿತು. ಬಂದವರೆಲ್ಲ ತಲೆ ಎತ್ತಿ ಮುಖ ನೋಡುತ್ತಾರೆ, ಎಷ್ಟು ದೊಡ್ಡದು ಅನ್ನುತ್ತಾರೆ, ಮೆಟ್ಟಿಲು ಹತ್ತಿಬಿಡುತ್ತಾರೆ. ನೀವು ಮುಖ ಬಿಡಿ. ಪೀಠ ನೋಡಿ.

ಪೀಠದ ಮೇಲೆ ಕೆತ್ತಿರುವುದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯ. ನಡೆದದ್ದು 1792ರ ಫೆಬ್ರವರಿ 26ರಂದು, ಶ್ರೀರಂಗಪಟ್ಟಣದ ಹೊರಗೆ ಹಾಕಿದ್ದ ಕಾರ್ನ್‌ವಾಲಿಸ್‌ನ ಡೇರೆಯಲ್ಲಿ. ಹಿಂದಿನ ವರ್ಷ ಬೆಂಗಳೂರು ಕೋಟೆ ಬಿದ್ದಿತ್ತು. ಈಗ ರಾಜಧಾನಿಗೇ ಮುತ್ತಿಗೆ. ಒಪ್ಪಂದದ ಪ್ರಕಾರ ಅರ್ಧ ರಾಜ್ಯ ಬಿಟ್ಟುಕೊಡಬೇಕು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕಟ್ಟಬೇಕು, ಕಟ್ಟಿ ಮುಗಿಸುವವರೆಗೆ ಮಕ್ಕಳು ಇಂಗ್ಲಿಷರ ಬಳಿ. ದೊಡ್ಡವನು ಅಬ್ದುಲ್ ಖಾಲಿಕ್, ಹತ್ತರ ಆಸುಪಾಸಿನ ಹುಡುಗ. ಚಿಕ್ಕವನು ಮುಯಿಜುದ್ದೀನ್. ಆನೆಯ ಮೇಲೆ ಬಂದರು. ಬಿಳಿ ಮಸ್ಲಿನ್ ಉಡುಪು, ಕೊರಳಲ್ಲಿ ಮುತ್ತಿನ ಸರ. ಟಿಪ್ಪು ತಾನು ಬರಲಿಲ್ಲ. ಅವನ ವಕೀಲ, ಅಂದರೆ ರಾಯಭಾರಿ, ಗುಲಾಮ್ ಅಲಿ ಖಾನ್ ಹುಡುಗರ ಕೈಹಿಡಿದು ಒಪ್ಪಿಸಿದ. ಕಾರ್ನ್‌ವಾಲಿಸ್ ಒಬ್ಬೊಬ್ಬನಿಗೂ ಒಂದು ಚಿನ್ನದ ಗಡಿಯಾರ ಕೊಟ್ಟ.

ಈ ದೃಶ್ಯವನ್ನು ಆ ಕಾಲದ ಇಂಗ್ಲಿಷ್ ಕಲಾವಿದರು ಮತ್ತೆ ಮತ್ತೆ ಬರೆದರು. ಸೋತ ರಾಜನ ಮಕ್ಕಳನ್ನು ಅಕ್ಕರೆಯಿಂದ ಬರಮಾಡಿಕೊಳ್ಳುವ ದೊಡ್ಡ ಮನುಷ್ಯ ಅನ್ನುವ ಚಿತ್ರ ಅವರಿಗೆ ಬೇಕಾಗಿತ್ತು. ಪೊಳ್ಳಿಲೂರಿನ ಅವಮಾನ ಇನ್ನೂ ಹಸಿಯಾಗಿತ್ತು ನೋಡಿ. ಈಗ ಮೊಬೈಲ್ ತೆಗೆದು ದರಿಯಾ ದೌಲತ್ ಗೋಡೆ ನೋಡಿ. ಅಲ್ಲಿ ಪಲ್ಲಕ್ಕಿಯಲ್ಲಿ ಕುಸಿದು ಕೂತ ಬೇಲಿ. ಇಲ್ಲಿ ಪರರ ಕೈಗೆ ಹೋಗುತ್ತಿರುವ ಹುಡುಗರು. ನಡುವೆ ಹನ್ನೆರಡು ವರ್ಷ. ಒಂದನ್ನು ನಂಬಿ ಇನ್ನೊಂದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಎರಡನ್ನೂ ಯಾರು ಮಾಡಿಸಿದರು, ಯಾರಿಗೆ ತೋರಿಸಲು ಮಾಡಿಸಿದರು ಅಂತ ಕೇಳಿಕೊಳ್ಳಿ. ನಮ್ಮ ಮಕ್ಕಳಿಗೆ ನಾನು ಕೊಡುವ ಕೆಲಸ ಇಷ್ಟೇ: ಕೆತ್ತನೆಯಲ್ಲಿ ಹುಡುಗರು ಎಲ್ಲಿದ್ದಾರೆ, ಯಾರ ಕಡೆ ನೋಡುತ್ತಿದ್ದಾರೆ, ಅವರ ಪಕ್ಕ ಯಾರಿದ್ದಾರೆ, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಬ್ಬ ಹುಡುಗಿ ಕೇಳಿದಳು, "ಮಿಸ್, ಅವರ ಅಮ್ಮ ಎಲ್ಲಿ?" ಇಡೀ ತರಗತಿ ಸುಮ್ಮನಾಯಿತು. ಅಂಥ ಪ್ರಶ್ನೆ ಪುಸ್ತಕದ ಪಾಠದಿಂದ ಹುಟ್ಟುವುದು ಕಷ್ಟ.

ಆ ಹುಡುಗರು ಆಮೇಲೆ ಏನಾದರು ಅಂತ ಫಲಕದಲ್ಲಿ ಹುಡುಕಬೇಡಿ, ನಾನೇ ಹೇಳುತ್ತೇನೆ. ಮದ್ರಾಸಿಗೆ ಬಂದರು. ಕ್ಯಾಪ್ಟನ್ ಡವ್‌ಟನ್ ಎಂಬ ಅಧಿಕಾರಿ ಅವರನ್ನು ನೋಡಿಕೊಂಡ. ಟಿಪ್ಪು ಹಣ ಪೂರ್ತಿ ಕಟ್ಟಿದ. 1794ರ ಮಾರ್ಚ್‌ನಲ್ಲಿ ಅದೇ ಡವ್‌ಟನ್ ಹುಡುಗರನ್ನು ವಾಪಸ್ ಕರೆದುಕೊಂಡು ಬಂದು ದೇವನಹಳ್ಳಿಯಲ್ಲಿ ಅಪ್ಪನಿಗೆ ಒಪ್ಪಿಸಿದ. ಹೌದು, ಈಗ ವಿಮಾನ ನಿಲ್ದಾಣ ಇರುವ ನಮ್ಮ ದೇವನಹಳ್ಳಿಯೇ. ಟಿಪ್ಪು ಹುಟ್ಟಿದ ಊರು. ಐದು ವರ್ಷದ ನಂತರ, 1799ರಲ್ಲಿ, ಅಪ್ಪ ಸತ್ತ. ಮಕ್ಕಳನ್ನೆಲ್ಲ ವೆಲ್ಲೂರು ಕೋಟೆಗೆ ಕಳಿಸಿದರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಅಲ್ಲಿಂದಲೂ ಎಬ್ಬಿಸಿ ಕಲ್ಕತ್ತಾಕ್ಕೆ ಸಾಗಿಸಿದರು.

ಈ ಪ್ರತಿಮೆಯ ಹತ್ತಿರ ಎಷ್ಟು ಹೊತ್ತು ಬೇಕಾದರೂ ನಿಲ್ಲಿ. ಅವಸರ ಬೇಕಿಲ್ಲ.

ಇನ್ನು ಆಯುಧಗಳ ಕಡೆಗೆ ಹೋಗಬಹುದು. ಕತ್ತಿ, ಕಠಾರಿ, ಪಿಸ್ತೂಲುಗಳನ್ನು ಗಂಡುಮಕ್ಕಳು ತಾವೇ ಹುಡುಕಿಕೊಂಡು ಹೋಗುತ್ತಾರೆ, ಹೇಳಿಕೊಡುವುದು ಬೇಕಿಲ್ಲ. ನಾಣ್ಯಗಳನ್ನು ಇಷ್ಟಪಡುವವರು ಪಗೋಡ ನೋಡಿ, ನಾವು ವರಹ ಅನ್ನುತ್ತೇವಲ್ಲ ಅದೇ. ವಿಜಯನಗರದ ವರಹದ ಮಾದರಿಯನ್ನೇ ಕಂಪನಿಯೂ ಬಹಳ ಕಾಲ ಚಲಾವಣೆಗೆ ಟಂಕಿಸಿತು. ದಕ್ಷಿಣದ ಜನ ನಂಬುತ್ತಿದ್ದ ದುಡ್ಡು ಅದು.

ಒಂದು ಮರದ ಪಂಜರ ಇದೆ. ತಪ್ಪಿಸಿಕೊಳ್ಳಬೇಡಿ. ನೋಡಿದರೆ ಪ್ರಾಣಿಗೆ ಮಾಡಿದ್ದು ಅನ್ನಿಸುತ್ತದೆ. ಅದರಲ್ಲಿ ಇಟ್ಟಿದ್ದು ಮದ್ರಾಸ್ ಆರ್ಟಿಲರಿಯ ಕ್ಯಾಪ್ಟನ್ ಆನ್‌ಸ್ಟ್ರದರ್ ಎಂಬ ಮನುಷ್ಯನನ್ನು. 1840ರಲ್ಲಿ ಅಫೀಮು ಯುದ್ಧದ ಸಮಯದಲ್ಲಿ ಚೀನಾದಲ್ಲಿ ಸೆರೆಸಿಕ್ಕಿದ. ಅವನನ್ನು ಈ ಪಂಜರದೊಳಗೆ ಹಾಕಿ ನಿಂಗ್ಬೋ ಊರಿನಲ್ಲಿ ಇಟ್ಟಿದ್ದರು. ಆಳೆತ್ತರದ ಮನುಷ್ಯ ನೆಟ್ಟಗೆ ನಿಲ್ಲಲಾಗದು, ಕಾಲು ಚಾಚಿ ಮಲಗಲಾಗದು. ಸೆರೆಯಲ್ಲಿ ಕಾಲ ಕಳೆಯಲು ಆತ ಚಿತ್ರ ಬರೆಯುತ್ತಿದ್ದ. ಸೆರೆ ಹಿಡಿದ ಚೀನೀ ಅಧಿಕಾರಿಗಳ ಮುಖಗಳನ್ನೂ ಬರೆದುಕೊಟ್ಟ. ಮುಂದಿನ ವರ್ಷ ಬಿಡುಗಡೆಯಾಯಿತು. ಮಕ್ಕಳಿಗೆ ಇಡೀ ಮ್ಯೂಸಿಯಂನಲ್ಲಿ ಜಾಸ್ತಿ ನೆನಪುಳಿಯುವುದು ಇದೇ. ದೊಡ್ಡವರು ಇಲ್ಲಿ ಇನ್ನೊಂದು ಯೋಚಿಸಬಹುದು: ಚೀನಾಕ್ಕೆ ಅಫೀಮು ಮಾರಲು ನಡೆದ ಯುದ್ಧಕ್ಕೆ ಮದ್ರಾಸಿನಿಂದ ಸಿಪಾಯಿಗಳು ಹೋಗಿದ್ದರು. ಆ ಸಿಪಾಯಿಗಳ ಹೆಸರು ಹಿಡಿದ ಪೆಟ್ಟಿಗೆ ಇಲ್ಲಿಲ್ಲ.

ಇಪ್ಪತ್ತನೇ ಶತಮಾನದ ಒಂದು ವಸ್ತು ನೋಡಿ ಮೇಲೆ ಹತ್ತಿ. ಜರ್ಮನಿಯ ಎಮ್ಡನ್ ಹಡಗು 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹತ್ತಿತು. ಅದರ ಗುಂಡಿನ ಚೂರು ಇಲ್ಲಿದೆ. ಮೊದಲ ಮಹಾಯುದ್ಧ ಅಂದರೆ ಯುರೋಪಿನದ್ದು ಅಂತ ಓದಿದ ಮಕ್ಕಳಿಗೆ ಇದು ಒಳ್ಳೆಯ ಪಾಠ.

ಮೇಲೆ ಭಾವಚಿತ್ರಗಳ ದೊಡ್ಡ ಹಾಲ್. ಮೂರನೇ ಜಾರ್ಜ್, ವಿಕ್ಟೋರಿಯಾ ರಾಣಿ, ಗವರ್ನರ್‌ಗಳು, ಆರ್ಕಾಟಿನ ನವಾಬರು. ಎಲ್ಲ ಆಳೆತ್ತರದ ಎಣ್ಣೆಬಣ್ಣದ ಚಿತ್ರಗಳು. ನನಗೆ ರಾಜ ರಾಣಿಯರಲ್ಲಿ ಅಷ್ಟು ಆಸಕ್ತಿ ಇಲ್ಲ, ಬೇಗ ದಾಟುತ್ತೇನೆ. ಆರ್ಕಾಟಿನ ಮಹಮ್ಮದ್ ಅಲಿ ವಾಲಾಜಾನ ಹತ್ತಿರ ನಿಲ್ಲುತ್ತೇನೆ. ಹೈದರ್‌ಗೆ ಜೀವಮಾನದ ಎದುರಾಳಿ ಈತ. ಕಂಪನಿಯ ಬಲದಿಂದ ನವಾಬನಾದ, ಕಂಪನಿಯವರಿಂದಲೇ ಸಾಲ ಮಾಡಿದ. ಆ ಸಾಲದ ಕಥೆ ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋಯಿತು. ಕೊನೆಗೆ ಅವನ ವಂಶಕ್ಕೆ ಬಿರುದು ಉಳಿಯಿತು, ರಾಜ್ಯ ಉಳಿಯಲಿಲ್ಲ.

ಹೈದರ್ ಬಗ್ಗೆ ಇಲ್ಲೇ ಒಂದು ವಿಷಯ ಹೇಳಬೇಕು. 1769ರಲ್ಲಿ ಹೈದರ್ ಅಲಿ ಇಂಗ್ಲಿಷ್ ಸೇನೆಯನ್ನು ಬೇರೆ ಕಡೆಗೆ ಎಳೆದು, ತಾನು ಆರು ಸಾವಿರ ಕುದುರೆಗಳೊಂದಿಗೆ ಬಿರುಸಿನಿಂದ ಬಂದು ಮದ್ರಾಸಿನ ಹೊರವಲಯ ಮುಟ್ಟಿದ. ಕೋಟೆಯೊಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಏಪ್ರಿಲ್‌ನಲ್ಲಿ ಅವನು ಹೇಳಿದ ಷರತ್ತಿಗೆ ಒಪ್ಪಿ ಸಹಿ ಹಾಕಿದರು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು ಅನ್ನುವುದು ಮುಖ್ಯ ಷರತ್ತು. ಮುಂದೆ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ನೆರವಿಗೆ ಬರಲಿಲ್ಲ. ಹೈದರ್ ಅದನ್ನು ಮರೆಯಲಿಲ್ಲ. 1780ರ ಯುದ್ಧದ ಬೇರು ಅಲ್ಲಿದೆ. ಪಠ್ಯದಲ್ಲಿ "ಮದ್ರಾಸ್ ಒಪ್ಪಂದ, 1769" ಅಂತ ಒಂದು ಸಾಲಿರುತ್ತದೆ. ಆ ಸಾಲಿನ ಊರಲ್ಲಿ ನೀವೀಗ ನಿಂತಿದ್ದೀರಿ. ಆ ವರ್ಷ ಷರತ್ತು ಹಾಕಿದವರು ನಮ್ಮ ಕಡೆಯವರು.

ಡೇನಿಯಲ್ ಬಂಧುಗಳ, ಅಂದರೆ ಥಾಮಸ್ ಮತ್ತು ವಿಲಿಯಂ ಡೇನಿಯಲ್‌ರ, ಮುದ್ರಿತ ಚಿತ್ರಗಳಿವೆ. ಹದಿನೆಂಟನೇ ಶತಮಾನದ ಕೊನೆಯ ದಕ್ಷಿಣ ಭಾರತದ ಗುಡಿ, ಬೆಟ್ಟ, ಬೀದಿಗಳು. ನಿಧಾನವಾಗಿ ನೋಡಿ. ಗೆರೆ ಎಷ್ಟು ಸೂಕ್ಷ್ಮ ಅಂದರೆ ಗುಡಿಯ ನೆರಳು ಯಾವ ಹೊತ್ತಿನದು ಅಂತ ಹೇಳಬಹುದು.

ಕೊನೆಗೆ ಬಾವುಟದ ಕೋಣೆ. 1947ರ ಆಗಸ್ಟ್ 15ರ ಬೆಳಗಿನ ಜಾವ ಇದೇ ಕೋಟೆಯ ಮೇಲೆ ಹಾರಿದ ತ್ರಿವರ್ಣ ಧ್ವಜ ಇಲ್ಲಿದೆ. ಶುದ್ಧ ರೇಷ್ಮೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಗಾಜಿನ ಹಿಂದೆ, ಗಾಳಿ ತೇವ ತಾಗದಂತೆ, ಮಂದ ಬೆಳಕಿನಲ್ಲಿ ಇಟ್ಟಿದ್ದಾರೆ. ರೇಷ್ಮೆಗೆ ಬೆಳಕು ಜಾಸ್ತಿಯಾದರೆ ಬಣ್ಣ ಹೋಗುತ್ತದೆ, ಎಳೆ ಸವೆಯುತ್ತದೆ. ಹಾಗಾಗಿ ಇಲ್ಲಿ ಫ್ಲ್ಯಾಶ್ ಹಾಕುವ ಯೋಚನೆ ದಯವಿಟ್ಟು ಬೇಡ. ಕಣ್ಣು ಮಬ್ಬು ಬೆಳಕಿಗೆ ಹೊಂದಿಕೊಳ್ಳುವವರೆಗೆ ಕಾಯಿರಿ. ಆಮೇಲೆ ಬಟ್ಟೆಯ ಮಡಿಕೆ, ಹಳತಾದ ಬಣ್ಣ ಎಲ್ಲಾ ಕಾಣುತ್ತವೆ. ರೇಷ್ಮೆ ಸೀಮೆಯಿಂದ ಬಂದ ನನಗೆ ಆ ಬಟ್ಟೆಯ ಮುಂದೆ ನಿಂತಾಗ ಕೈ ತಾನಾಗಿ ಮುಗಿಯುತ್ತದೆ.

ಚರ್ಚ್ ಬಿಟ್ಟು ಬರಬೇಡಿ

ಮ್ಯೂಸಿಯಂ ಮುಗಿಸಿ ಹೊರಗೆ ಬಂದವರು ಬಹಳಷ್ಟು ಮಂದಿ ನೇರ ಗೇಟಿಗೆ ಹೋಗುತ್ತಾರೆ. ಕೋಟೆಯೊಳಗೇ ಸ್ವಲ್ಪ ನಡೆದರೆ ಸೇಂಟ್ ಮೇರಿ ಚರ್ಚ್ ಇದೆ. 1680ರಲ್ಲಿ ಪೂಜೆಗೆ ತೆರೆದದ್ದು. ಫಿರಂಗಿ ಗುಂಡು ಬಿದ್ದರೂ ತಡೆಯಲಿ ಅಂತ ಕಮಾನಿನ ದಪ್ಪ ಚಾವಣಿ, ನಾಲ್ಕು ಅಡಿ ದಪ್ಪದ ಗೋಡೆ. ಮೊದಲ ಮದುವೆ ಎಲಿಹು ಯೇಲ್‌ನದು, ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನು. ರಾಬರ್ಟ್ ಕ್ಲೈವ್ ಮದುವೆಯಾದದ್ದೂ ಇಲ್ಲೇ, 1753ರಲ್ಲಿ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತದೆ, ಆಗ ಒಳಗೆ ಓಡಾಡಬೇಡಿ. ಮೊದಲು ಮ್ಯೂಸಿಯಂ, ಆಮೇಲೆ ಚರ್ಚ್ ಅಂತ ಇಟ್ಟುಕೊಂಡರೆ ಸರಿಹೋಗುತ್ತದೆ.

ಅಂಗಳದಲ್ಲಿ ಸಮಾಧಿ ಕಲ್ಲುಗಳನ್ನು ನೆಲಕ್ಕೆ ಹಾಸಿದ್ದಾರೆ. ಅವು ಮೊದಲು ಕೋಟೆಯ ಹೊರಗಿನ ಸ್ಮಶಾನದಲ್ಲಿದ್ದವು. 1758-59ರಲ್ಲಿ ಫ್ರೆಂಚರು ಮುತ್ತಿಗೆ ಹಾಕಿದಾಗ ಆ ಗೋರಿಗಳ ಮರೆಯಲ್ಲಿ ನಿಂತು ಗುಂಡು ಹಾರಿಸಿದರು. ಮುತ್ತಿಗೆ ಮುಗಿದ ಮೇಲೆ ಸ್ಮಶಾನ ಕೆಡವಿ ಕಲ್ಲುಗಳನ್ನು ಇಲ್ಲಿಗೆ ತಂದರು. ಲ್ಯಾಟಿನ್, ಪೋರ್ಚುಗೀಸ್, ಅರ್ಮೇನಿಯನ್ ಬರಹಗಳೂ ಇವೆ. ನಡೆಯುವಾಗ ಕಾಲ ಕೆಳಗೆ ನೋಡಿಕೊಳ್ಳಿ.

ಒಳಗೆ ಎರಡು ಸ್ಮಾರಕಗಳನ್ನು ಹುಡುಕಿ. ಒಂದು ಪಾದ್ರಿ ಶ್ವಾರ್ಟ್ಸ್‌ನದು, ಶಿಲ್ಪಿ ಕಿರಿಯ ಜಾನ್ ಬೇಕನ್ ಕೆತ್ತಿದ್ದು. ತಂಜಾವೂರಿನಲ್ಲಿ ಇದ್ದ ಜರ್ಮನ್ ಪಾದ್ರಿ. 1779ರಲ್ಲಿ ಮದ್ರಾಸ್ ಸರ್ಕಾರ ಆತನನ್ನು ಹೈದರ್ ಬಳಿಗೆ ಶ್ರೀರಂಗಪಟ್ಟಣಕ್ಕೆ ದೂತನಾಗಿ ಕಳಿಸಿತು. ಕಂಪನಿಯವರನ್ನು ನಂಬದ ಹೈದರ್ ಈ ಪಾದ್ರಿಯನ್ನು ನಂಬಿದ. ಮಾತುಕತೆಯಿಂದ ಯುದ್ಧ ನಿಲ್ಲಲಿಲ್ಲ, ಮುಂದಿನ ವರ್ಷವೇ ಶುರುವಾಯಿತು. ಇನ್ನೊಂದು ಜೋಸಯ್ಯ ವೆಬ್‌ನದು, ಶಿಲ್ಪಿ ಜಾನ್ ಫ್ಲ್ಯಾಕ್ಸ್‌ಮನ್. ವೆಬ್ ಮದ್ರಾಸ್ ಸರ್ಕಾರದ ಕಾರ್ಯದರ್ಶಿ. 1798ರಲ್ಲಿ ಟಿಪ್ಪು ಮೇಲೆ ಯುದ್ಧ ಹೂಡುವುದು ಸರಿಯಲ್ಲ ಅಂತ ಬರೆದುಕೊಟ್ಟ ಅಧಿಕಾರಿ. ಆತನ ಮಾತು ನಡೆಯಲಿಲ್ಲ. ಆಮೇಲೆ ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಆಗಿದ್ದ. 1804ರಲ್ಲಿ ತೀರಿಕೊಂಡಾಗ ದಿವಾನ್ ಪೂರ್ಣಯ್ಯನವರು ಅವನ ನೆನಪಿಗೆ ಪಾಂಡವಪುರದ ಕಡೆ ಎತ್ತರದ ಕಲ್ಲುಕಂಬ ನಿಲ್ಲಿಸಿದರು. ನಮ್ಮ ಕಡೆ ಬಸ್ಸಿನಲ್ಲಿ ಓಡಾಡುವವರು ಆ ಕಂಬ ನೋಡಿಯೇ ಇರುತ್ತಾರೆ, ಯಾರದು ಅಂತ ಕೇಳಿರುವುದಿಲ್ಲ. ಒಬ್ಬನೇ ಮನುಷ್ಯನಿಗೆ ಎರಡು ಊರಿನಲ್ಲಿ ಎರಡು ಕಲ್ಲು.

ಸಮಯವಿದ್ದರೆ ಕ್ಲೈವ್ ಹೌಸ್ ಹೊರಗಿನಿಂದ ನೋಡಿ. ವೆಲ್ಲೆಸ್ಲಿ ಹೌಸ್‌ನ ಒಂದು ಭಾಗ ಕುಸಿದು ನಿಂತಿದೆ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಅಧಿಕಾರ ನಡೆಸಿ, ದರಿಯಾ ದೌಲತ್‌ನಲ್ಲೇ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಇಲ್ಲಿಯೂ ಇದ್ದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಸಚಿವಾಲಯದ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ, ಪೊಲೀಸರು ಬಂದು ಕೇಳುತ್ತಾರೆ.

ಎಲ್ಲಾ ಸೇರಿ ಮೂರು ಗಂಟೆ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಮ್ಯೂಸಿಯಂಗೆ ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ, ಚರ್ಚಿನ ಅಂಗಳದಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಳ್ಳಲಿ. ಊಟಕ್ಕೆ ಉತ್ತರದ ಕಡೆ ನಡೆದು ಪ್ಯಾರೀಸ್ ಕಾರ್ನರ್‌ಗೆ ಹೋಗಿ. ಎನ್‌ಎಸ್‌ಸಿ ಬೋಸ್ ರಸ್ತೆಯ ಸುತ್ತ ಮೀಲ್ಸ್ ಹೋಟೆಲುಗಳು ಬೇಕಾದಷ್ಟಿವೆ. ಹೋಗುವ ದಾರಿಯಲ್ಲೇ ಹೈಕೋರ್ಟಿನ ಕೆಂಪು ಗುಮ್ಮಟಗಳು ಕಾಣುತ್ತವೆ. ಒಂದರ ತುದಿಯಲ್ಲಿ ಹಿಂದೆ ದೀಪಸ್ತಂಭ ಇತ್ತು. ಎಮ್ಡನ್ ಗುಂಡು ತಾಗಿದ್ದನ್ನು ಹೇಳುವ ಫಲಕ ಅದರ ಪೂರ್ವದ ಗೋಡೆಯಲ್ಲಿದೆ.

ಕಾರಿನಲ್ಲಿ ಬರುವವರಿಗೆ ಒಂದು ಸಲಹೆ ಇದೆ. ಬೆಂಗಳೂರು ಹೆದ್ದಾರಿ ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರದ ಮೇಲೆಯೇ ಹೋಗುತ್ತದೆ. ಹೋಗುವಾಗ ನೇರ ಚೆನ್ನೈಗೆ ಹೋಗಿ, ಬರುವಾಗ ವೆಲ್ಲೂರು ಕೋಟೆಯಲ್ಲಿ ಒಂದೆರಡು ಗಂಟೆ ಇಳಿಯಿರಿ. ಟಿಪ್ಪುವಿನ ಕುಟುಂಬವನ್ನು ಇಟ್ಟಿದ್ದ ಮಹಲುಗಳು ಅಲ್ಲಿವೆ, ಕೋಟೆಯೊಳಗೆ ಜಲಕಂಠೇಶ್ವರ ದೇವಸ್ಥಾನವಿದೆ, ಸುತ್ತ ನೀರು ತುಂಬಿದ ಕಂದಕವಿದೆ. ಮಧ್ಯಾಹ್ನ ಮೂರರ ಒಳಗೆ ಚೆನ್ನೈ ಬಿಟ್ಟರೆ ಬೆಳಕಿರುವಾಗಲೇ ತಲುಪಬಹುದು. ಪೂಂದಮಲ್ಲಿ ದಾಟುವವರೆಗೆ ಟ್ರಾಫಿಕ್ ಇರುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.